ಆಕಾಶದ ಚಿತ್ರಕ್ಕೆ ಊರಿನ ಸಾಕ್ಷಿ ಬೇಕು



ವಿಮಾನದಿಂದ ತೆಗೆದ ನೆಲದ ಚಿತ್ರವನ್ನು ಉತ್ತರ ದಿಕ್ಕು ಮೇಲಿರುವಂತೆ ಮೇಜಿನ ಮೇಲಿಟ್ಟು ನೋಡಿದರೆ, ಗಣಿಯ ಗುಂಡಿ ಗುಡ್ಡದಂತೆಯೂ ಗಣಿಯಿಂದ ಹೊರಹಾಕಿದ ಮಣ್ಣಿನ ರಾಶಿ ಹೊಂಡದಂತೆಯೂ ಕಾಣುವುದುಂಟು. ಬೆಳಕು ಮೇಲಿನಿಂದ ಬೀಳುವುದು ನಮ್ಮ ಕಣ್ಣಿಗೆ ರೂಢಿ. ನಮ್ಮ ನಾಡಿನಲ್ಲಿ ವರ್ಷದ ಹೆಚ್ಚು ಕಾಲ ಸೂರ್ಯ ದಕ್ಷಿಣಕ್ಕಿದ್ದು ನೆರಳು ಉತ್ತರಕ್ಕೆ ಬೀಳುವುದರಿಂದ, ಇಂತಹ ಚಿತ್ರದಲ್ಲಿ ಬೆಳಕು ಕೆಳಗಿನಿಂದ ಬಂದಂತಾಗಿ ಕಣ್ಣು ಮೋಸಹೋಗುತ್ತದೆ. ಚಿತ್ರವನ್ನು ತಿರುಗಿಸಿ, ನೆರಳು ನಿಮ್ಮ ಕಡೆಗೆ ಬೀಳುವಂತೆ ಇಟ್ಟುಕೊಳ್ಳಿ. ಆಗ ಗುಂಡಿ ಗುಂಡಿಯಾಗಿ, ರಾಶಿ ರಾಶಿಯಾಗಿ ಕಾಣತೊಡಗುತ್ತದೆ. ಮೊದಲ ಸಲ ನೋಡಿದಾಗ ನಾನೂ ಮೋಸಹೋದವನೇ.

ಇದು ಬರಿಯ ಕಣ್ಣಿನ ಆಟವಲ್ಲ. ಬಳ್ಳಾರಿ ಸೀಮೆಯ ಕಬ್ಬಿಣದ ಅದಿರಿನ ಗಣಿಗಳನ್ನು ಸುಪ್ರೀಂ ಕೋರ್ಟು 2011ರಲ್ಲಿ ನಿಲ್ಲಿಸಿ, 2013ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಾಗ, ಗುಂಡಿಗೊಂದು ಅಳತೆ, ರಾಶಿಗೊಂದು ಅಳತೆ ಇಟ್ಟಿತ್ತು. ಹದ್ದು ಮೀರಿ ತೋಡಿದ ಗುಂಡಿ ಗುತ್ತಿಗೆ ಜಮೀನಿನ ಶೇಕಡ 10ರೊಳಗೆ, ಮಣ್ಣಿನ ರಾಶಿ ಶೇಕಡ 15ರೊಳಗೆ ಇದ್ದರೆ ಗಣಿ 'ಬಿ' ವರ್ಗಕ್ಕೆ ಸೇರಿತು. ಅದನ್ನು ದಾಟಿದ್ದು 'ಸಿ' ವರ್ಗಕ್ಕೆ ಸೇರಿ ಗುತ್ತಿಗೆಯೇ ರದ್ದಾಯಿತು. ಯಾವುದು ಗುಂಡಿ, ಯಾವುದು ರಾಶಿ ಎಂಬುದರ ಮೇಲೆ ಎಷ್ಟು ನಿಂತಿದೆ ನೋಡಿ!

ಆದರೆ ದೊಡ್ಡ ಗುತ್ತಿಗೆಗಳ ಲೆಕ್ಕವಾದರೂ ಕಾಗದದಲ್ಲಿದೆ. ನನಗೆ ಚಿಂತೆಯಿರುವುದು ಪಟ್ಟಾ ಜಮೀನಿನ ಗುಂಡಿಗಳ ಬಗ್ಗೆ. ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಏರಿದಾಗ, ಸಂಡೂರು, ಹೊಸಪೇಟೆಗಳ ಕಡೆ ಎಷ್ಟೋ ರೈತರು ಹೊಲದ ಮೇಲ್ಪದರದಲ್ಲಿದ್ದ ಅದಿರನ್ನು ತೆಗೆಯಲು ಜಮೀನು ಬಿಟ್ಟುಕೊಟ್ಟರು. ಅದಿರು ಹೋಯಿತು, ಲಾರಿ ಹೋಯಿತು, ಹೊಂಡ ಉಳಿಯಿತು. ಮೇಲಿನಿಂದ ನೋಡಿದರೆ ಇವು ಸಿಡುಬಿನ ಕಲೆಗಳಂತೆ ಹರಡಿಕೊಂಡಿರುತ್ತವೆ. ಮಳೆನೀರು ನಿಂತರಂತೂ ನಕ್ಷೆ ಬರೆಯುವವರು ಕೆರೆಯೆಂದೋ ಕೃಷಿ ಹೊಂಡವೆಂದೋ ಗುರುತು ಹಾಕಿಬಿಡಬಹುದು. ಕೆರೆಗಾದರೆ ಒಂದು ಬದಿಗೆ ಏರಿ ಇರುತ್ತದೆ, ಏರಿಯ ಕೆಳಗೆ ಗದ್ದೆ ಇರುತ್ತದೆ, ಹಳ್ಳವೊಂದು ಬಂದು ಸೇರುತ್ತದೆ. ಗಣಿ ಗುಂಡಿಗೆ ಇವೊಂದೂ ಇಲ್ಲ. ಅಂಚು ಕಡಿದಾಗಿ, ಕೆಲವು ಕಡೆ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಲಾರಿ ಇಳಿದ ದಾರಿಯೊಂದು ಗುಂಡಿಯೊಳಕ್ಕೆ ಹೋಗಿ ಅಲ್ಲಿಯೇ ಮುಗಿಯುತ್ತದೆ. ಆ ದಾರಿಯ ಮೇಲೆ ಪೊದೆ ಬೆಳೆದಿದ್ದರೆ ಗಣಿ ನಿಂತು ವರ್ಷಗಳಾದವೆಂದು ತಿಳಿಯಬೇಕು.

ಆಳವನ್ನೂ ಚಿತ್ರದಿಂದ ಅಳೆಯಬಹುದು. ವಿಮಾನ ಸಾಗುತ್ತ ತೆಗೆಯುವ ಚಿತ್ರಗಳಲ್ಲಿ ಒಂದರ ಸುಮಾರು ಶೇಕಡ 60 ಭಾಗ ಮುಂದಿನದರಲ್ಲಿಯೂ ಬರುವಂತೆ ಮಾಡಿರುತ್ತಾರೆ. ಅಂತಹ ಜೋಡಿಯನ್ನು ಸ್ಟೀರಿಯೋಸ್ಕೋಪ್ ಎಂಬ ಜೋಡಿ ಮಸೂರದ ಕೆಳಗಿಟ್ಟರೆ ನೆಲದ ಏರುತಗ್ಗುಗಳು ಎದ್ದು ನಿಲ್ಲುತ್ತವೆ. ನಮ್ಮ ದೇಶದವರಿಗೆ ಈ ವಿದ್ಯೆಯನ್ನು ಕಲಿಸಲೆಂದೇ ಡೆಹ್ರಾಡೂನಿನಲ್ಲಿ 1966ರಲ್ಲಿ ಸಂಸ್ಥೆಯೊಂದು ಆರಂಭವಾಯಿತು. 2005ರಲ್ಲಿ ಹಾರಿದ ಕಾರ್ಟೋಸ್ಯಾಟ್-1 ಉಪಗ್ರಹ ಇಂತಹ ಜೋಡಿ ಚಿತ್ರಗಳನ್ನು ಬಾಹ್ಯಾಕಾಶದಿಂದಲೇ ತೆಗೆಯಿತು. ಸಾಧನಗಳ ಕೊರತೆ ನಮಗಿಲ್ಲ.

ಈಗ ಹೊಳೆಯ ದಂಡೆಗೆ ಬರೋಣ. ಗುಡ್ಡದ ಸಡಿಲ ಮಣ್ಣು ಮಳೆಯಲ್ಲಿ ಇಳಿಯುವುದು ಹಳ್ಳಕ್ಕೆ, ಹಳ್ಳದಿಂದ ಹೊಳೆಯ ನೆರೆಬಯಲಿಗೆ. ಅದನ್ನು ತಡೆದು ದಂಡೆಯನ್ನು ಹಿಡಿದಿಡುತ್ತಿದ್ದುದು ಹೊಳೆಮತ್ತಿ, ಹೊಂಗೆ, ನೇರಳೆಗಳ ಸಾಲು. ಇಂದು ಹಗರಿಯ ದಡಗಳಲ್ಲಿ ನಡೆದು ನೋಡಿದರೆ ನಿಮಗೆ ಹೆಚ್ಚಾಗಿ ಎದುರಾಗುವುದು ಬಳ್ಳಾರಿ ಜಾಲಿ. ಚಿತ್ರದಲ್ಲಿ ಮಾತ್ರ ಎರಡೂ ಹಸಿರೇ! ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ಲೆಕ್ಕದಲ್ಲಿ, ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಶೇಕಡ 10ರಷ್ಟು ಮರದ ನೆತ್ತಿ ಮುಚ್ಚಿಕೊಂಡಿದ್ದರೆ ಅದು ಅರಣ್ಯಾವರಣ. ಮರ ಯಾವ ಜಾತಿಯದು, ಜಮೀನು ಯಾರದು ಎಂಬುದು ಲೆಕ್ಕಕ್ಕಿಲ್ಲ. ಹೀಗಾಗಿ ದಂಡೆಯ ಕಾಡು ಹೋಗಿ ಜಾಲಿ ಬಂದ ಕಡೆ, ಕಾಗದದ ಮೇಲೆ ಏನೂ ಕಳೆದುಹೋಗಿರುವುದಿಲ್ಲ. ಕಳೆದುಹೋಗದ್ದಕ್ಕೆ ಪರಿಹಾರವನ್ನು ಯಾರು ಕೊಡುತ್ತಾರೆ?

ಬಿಡಿಸಿ ನೋಡುವವರಿಗೆ ವ್ಯತ್ಯಾಸ ಕಾಣದೆ ಇರದು. ಹಳೆಯ ಮತ್ತಿಯ ನೆತ್ತಿ ದೊಡ್ಡದು, ನೆರಳು ಉದ್ದ. ಜಾಲಿ ಗಿಡ್ಡ, ಸಣ್ಣ ಸಣ್ಣ ಚುಕ್ಕೆಗಳು ಒತ್ತಿಕೊಂಡಂತೆ ಕಾಣುತ್ತದೆ. ಬೇಸಿಗೆ ಮೊದಲಾಗುವಾಗ ಮತ್ತಿ ಎಲೆ ಕಳೆದುಕೊಳ್ಳುತ್ತದೆ, ಜಾಲಿ ಹಸಿರಾಗಿಯೇ ನಿಲ್ಲುತ್ತದೆ. ಆದುದರಿಂದ ಮಳೆಗಾಲದ ನಂತರದ ಒಂದು ಚಿತ್ರ ಸಾಲದು, ಬೇಸಿಗೆಯದೂ ಬೇಕು. ಮೊದಲು ಏನಿತ್ತು ಎಂಬುದಕ್ಕೂ ದಾರಿಯಿದೆ. 1960ರಿಂದ 1972ರವರೆಗೆ ಅಮೆರಿಕದ ಕೊರೋನಾ ಬೇಹು ಉಪಗ್ರಹಗಳು ತೆಗೆದ ಚಿತ್ರಗಳನ್ನು 1995ರಲ್ಲಿ ಸಾರ್ವಜನಿಕರಿಗೆ ಬಿಡಲಾಯಿತು. ಈಚಿನವು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ 'ಭುವನ್' ಜಾಲತಾಣದಲ್ಲಿ ಸಿಗುತ್ತವೆ.

ಹಾಗಿದ್ದರೆ ಕಚೇರಿಯವರೇ ಮಾಡಲಿ, ನಮಗೇಕೆ ಈ ಉಸಾಬರಿ ಎನ್ನುತ್ತೀರಾ? ನಾನು ಒಪ್ಪುವುದಿಲ್ಲ. ಚಿತ್ರಕ್ಕೆ ಆಕಾರ ಗೊತ್ತು, ಹೆಸರು ಗೊತ್ತಿಲ್ಲ. ಹೊಂಡವನ್ನು ಯಾವ ವರ್ಷ ತೋಡಿದರು, ಬೇಲಿಯಿಲ್ಲದ ಯಾವ ಗುಂಡಿಗೆ ದನ ಬಿತ್ತು, ಯಾವ ಮಡುವಿನ ಮರಗಳು ಇಟ್ಟಿಗೆ ಭಟ್ಟಿಗೆ ಹೋದವು ಎಂಬುದನ್ನು ಹೇಳಬಲ್ಲವರು ನೀವು. ಗಣಿ ಬಾಧಿತ ಊರುಗಳಿಗಾಗಿ 2015ರ ಕಾನೂನಿನಂತೆ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದಿವೆ. ಅವುಗಳ ಹಣಕ್ಕೆ ಯೋಜನೆ ಮಾಡುವಾಗ ನಕ್ಷೆಯಲ್ಲಿಲ್ಲದ ಗುಂಡಿಯ ಪರವಾಗಿ ಮಾತನಾಡುವವರು ಯಾರು? 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಮನೆಗಳನ್ನು ಅಳೆಯಲು ಡ್ರೋನ್ ಹಾರಿಸಲಾಯಿತು. ಅದೇ ರೀತಿ ಊರಾಚೆಯ ಗುಂಡಿ, ಹೊಳೆದಂಡೆಗಳ ಮೇಲೂ ಹಾರಿಸಿ, ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿ ಗ್ರಾಮಸಭೆಯಲ್ಲಿ ಹರಡಬೇಕು. ಊರು ನೋಡಿ ತಿದ್ದುವವರೆಗೆ ನಕ್ಷೆಯನ್ನು ಅಂತಿಮಗೊಳಿಸಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಓದುವ ಮಕ್ಕಳಿಂದ ನಿಮ್ಮ ಊರಿನ ಚಿತ್ರವನ್ನು ತೆಗೆಸಿ, ಒಂದೊಂದು ಗುಂಡಿಯ ಪಕ್ಕದಲ್ಲಿಯೂ ಸರ್ವೆ ನಂಬರು ಮತ್ತು ತೋಡಿದ ವರ್ಷವನ್ನು ಬರೆಯಿರಿ. ಹೊಳೆಯ ಭಾಗವನ್ನು ಗುರುತು ಹಾಕುವಾಗ ದಂಡೆಯಲ್ಲಿ ಕುರಿ ಮೇಯಿಸಿದ ಹಿರಿಯರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ನೆರಳು ನಿಮ್ಮ ಕಡೆಗಿರಲಿ.