ಕೆಚ್ಚಲು ಬಾವು: ಮೊದಲು ಪರೀಕ್ಷೆ, ಆಮೇಲೆ ಔಷಧಿ

ಮಳೆಗಾಲ ಹಿಡಿಯಿತೆಂದರೆ ಹೊಳಲೂರು ಹೋಬಳಿಯ ಹಾಗೂ ಭದ್ರಾವತಿ ತಾಲ್ಲೂಕಿನ ನೀರಾವರಿ ಹಳ್ಳಿಗಳಲ್ಲಿ ಕೊಟ್ಟಿಗೆಯ ನೆಲ ಒಣಗುವುದು ಕಷ್ಟ. ಮಿಶ್ರತಳಿ ಹಸುಗಳಿಗೆ ಕೆಚ್ಚಲು ಬಾವು ತಗಲುವ ಕಾಲವೂ ಇದೇ. ಹಾಲಿನಲ್ಲಿ ಗರಣೆ ಕಂಡ ಕೂಡಲೇ ಅಂಗಡಿಯಿಂದ ಆಂಟಿಬಯಾಟಿಕ್ ಟ್ಯೂಬು ತಂದು ಮೊಲೆಗೆ ಏರಿಸುವುದು, ಎರಡು ಹೊತ್ತಿನಲ್ಲಿ ಹಾಲು ತಿಳಿಯಾದರೆ ನಿಲ್ಲಿಸುವುದು, ಆಗದಿದ್ದರೆ ಬೇರೆ ಹೆಸರಿನ ಟ್ಯೂಬು ತರುವುದು ಅನೇಕ ಕಡೆ ರೂಢಿಯಾಗಿದೆ. ಈ ರೂಢಿ ನಮ್ಮ ಹಸುವಿಗೂ ನಮಗೂ ಕೇಡು ತರುತ್ತಿದೆ. ಇದನ್ನು ಬಿಡಲೇಬೇಕು.

ಕೆಚ್ಚಲು ಬಾವಿನ ರೋಗಾಣುಗಳು ಎಲ್ಲಿಂದಲೋ ಬಂದ ಶತ್ರುಗಳಲ್ಲ. ಸ್ಟೆಫೈಲೋಕಾಕಸ್ ಹಸುವಿನ ಮೊಲೆಯ ಬಿರುಕಿನಲ್ಲಿ, ಹಾಲು ಕರೆಯುವವರ ಕೈಯಲ್ಲಿ, ಮೂಗಿನಲ್ಲಿ ಇರುತ್ತದೆ. ಇ. ಕೋಲೈ ಮತ್ತು ಕ್ಲೆಬ್ಸಿಯೆಲ್ಲಾ ಸಗಣಿಯಲ್ಲಿ, ಒದ್ದೆ ಹಾಸಿನಲ್ಲಿ ಇರುತ್ತವೆ. ಸಾಮಾನ್ಯವಾಗಿ ಇವು ತೊಂದರೆ ಕೊಡುವುದಿಲ್ಲ. ಆದರೆ ಕರೆದ ಮೇಲೆ ಮೊಲೆಯ ದ್ವಾರ ಸ್ವಲ್ಪ ಹೊತ್ತು ತೆರೆದಿರುತ್ತದೆ. ಆಗ ಹಸು ಕೆಸರಿನಲ್ಲಿ ಮಲಗಿದರೆ ಇವು ಒಳನುಗ್ಗುತ್ತವೆ. ಆದ್ದರಿಂದಲೇ ಇವುಗಳಿಗೆ ಅವಕಾಶವಾದಿ ರೋಗಾಣುಗಳೆಂದು ಹೆಸರು.

ಇವುಗಳ ಬಲ ಎರಡು ಬಗೆಯದು. ಕೆಲವು ವಂಶವಾಹಿಗಳು ರೋಗಾಣುವಿಗೆ ಕೆಡುಕು ಮಾಡುವ ಶಕ್ತಿ ಕೊಡುತ್ತವೆ: ಕೆಚ್ಚಲಿನ ಒಳಪದರಕ್ಕೆ ಅಂಟಿಕೊಳ್ಳುವುದು, ವಿಷ ಉತ್ಪಾದಿಸುವುದು, ಲೋಳೆಯ ಹೊದಿಕೆ ಹೆಣೆದುಕೊಂಡು ಅಡಗುವುದು. ಬೇರೆ ಕೆಲವು ವಂಶವಾಹಿಗಳು ಔಷಧಿಯನ್ನು ತಡೆದುಕೊಳ್ಳುವ ಶಕ್ತಿ ಕೊಡುತ್ತವೆ. ಉದಾಹರಣೆಗೆ, ಪೆನ್ಸಿಲಿನ್ನನ್ನು ಒಡೆದುಹಾಕುವ ಕಿಣ್ವವನ್ನು ತಯಾರಿಸುವ ಸ್ಟೆಫೈಲೋಕಾಕಸ್‌ಗಳಿವೆ. ಎರಡೂ ಶಕ್ತಿಗಳು ಒಂದೇ ರೋಗಾಣುವಿನಲ್ಲಿ ಕೂಡಿದರೆ ಬಾವು ವಾಸಿಯಾಗುವುದು ಬಹಳ ಕಷ್ಟ. ಇನ್ನೂ ಗಮನಿಸಬೇಕಾದದ್ದೆಂದರೆ, ಔಷಧಿ ತಡೆಯುವ ವಂಶವಾಹಿಗಳು ಅನೇಕ ವೇಳೆ ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದಲ್ಲಿರುತ್ತವೆ. ಈ ಉಂಗುರ ಒಂದು ರೋಗಾಣುವಿನಿಂದ ಇನ್ನೊಂದಕ್ಕೆ, ಬೇರೆ ಜಾತಿಯದಕ್ಕೂ, ದಾಟಬಲ್ಲುದು.

ಭತ್ತದ ಗದ್ದೆಗೆ ವರ್ಷವರ್ಷವೂ ಒಂದೇ ಕಳೆನಾಶಕ ಹೊಡೆದರೆ ಏನಾಗುತ್ತದೆಂದು ರೈತರಿಗೆ ಹೇಳಿಕೊಡಬೇಕಿಲ್ಲ. ಸಾಯುವ ಕಳೆ ಸಾಯುತ್ತದೆ, ಸಾಯದ ಕಳೆ ಬೀಜ ಕಟ್ಟುತ್ತದೆ. ಕೆಚ್ಚಲಿನಲ್ಲಿ ಆಗುವುದೂ ಇದೇ. ಔಷಧಿ ತಾನಾಗಿ ಪ್ರತಿರೋಧವನ್ನು ಹುಟ್ಟಿಸುವುದಿಲ್ಲ; ಪ್ರತಿರೋಧ ಉಳ್ಳವುಗಳಿಗೆ ಜಾಗ ಖಾಲಿ ಮಾಡಿಕೊಡುತ್ತದೆ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲಿಯೇ ಸಾಲದ ಪ್ರಮಾಣದ ಔಷಧಿಯಿಂದ ಈ ಅಪಾಯವಿದೆಯೆಂದು ಎಚ್ಚರಿಸಿದ್ದರು. ಮನುಷ್ಯರ ಚಿಕಿತ್ಸೆಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧಿಯನ್ನು ತಡೆಯುವ, ಪ್ಲಾಸ್ಮಿಡ್ ಮೂಲಕ ಹರಡುವ ವಂಶವಾಹಿ 2015ರಲ್ಲಿ ಚೀನಾದ ಹಂದಿಗಳಲ್ಲೂ ರೋಗಿಗಳಲ್ಲೂ ಕಂಡುಬಂತು. ನಮ್ಮ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು. ಕೊಟ್ಟಿಗೆಗೂ ಆಸ್ಪತ್ರೆಗೂ ನಡುವೆ ಗೋಡೆಯಿಲ್ಲ ಎಂಬುದು ಇದರಿಂದ ಸ್ಪಷ್ಟ.

“ಒಂದೇ ಹಸು ಕಟ್ಟಿಕೊಂಡವನು ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತ ಕೂರಲಾದೀತೇ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಜ್ವರ ಬಂದು, ಮೇವು ಬಿಟ್ಟು, ಕೆಚ್ಚಲು ಕಲ್ಲಿನಂತಾದ ಹಸುವಿಗೆ ಕಾಯಬಾರದು. ತಕ್ಷಣ ಪಶುವೈದ್ಯರನ್ನು ಕರೆಸಬೇಕು. ಆದರೆ ಹಸು ಮೇಯುತ್ತಿದ್ದು, ಹಾಲಿನಲ್ಲಿ ಮಾತ್ರ ವ್ಯತ್ಯಾಸವಿದ್ದರೆ, ವೈದ್ಯರ ಸಲಹೆಯಂತೆ ಒಂದು ದಿನ ಕಾಯಬಹುದು. ಇ. ಕೋಲೈಯಿಂದ ಬಂದ ಸೌಮ್ಯ ಬಾವು ಅನೇಕ ವೇಳೆ ಹಸುವಿನ ದೇಹಶಕ್ತಿಯಿಂದಲೇ ವಾಸಿಯಾಗುತ್ತದೆ. ಅಂಥ ಹಸುವಿಗೆ ಟ್ಯೂಬು ಏರಿಸುವುದು ಹಣದ ದಂಡ.

ಹಾಗೆಂದು ಪರೀಕ್ಷೆಯ ಹೊರೆಯನ್ನೆಲ್ಲ ರೈತನ ತಲೆಗೇ ಕಟ್ಟುವುದು ಸರಿಯಲ್ಲ. ಹಳ್ಳಿಯ ಹಾಲು ಸಂಘಗಳು ಕೊಬ್ಬಿನ ಅಂಶವನ್ನು ಅಳೆದೇ ಹಣ ಕೊಡುತ್ತವೆ. ಅಲ್ಲಿಯೇ ಕೆಚ್ಚಲು ಬಾವಿನ ಪರೀಕ್ಷೆಯ ದ್ರಾವಣ ಮತ್ತು ನಾಲ್ಕು ಗುಳಿಗಳ ತಟ್ಟೆ ಏಕೆ ಇರಬಾರದು? ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಮಾಚೇನಹಳ್ಳಿಯಲ್ಲಿ ಶಿಮುಲ್ ಡೇರಿಯಿದೆ. ಸಂಘದ ಹಾಲು ಡೇರಿಗೆ ಹೋಗುವ ದಾರಿಯಲ್ಲೇ, ಮಂಜುಗಡ್ಡೆಯಲ್ಲಿಟ್ಟ ಹಾಲಿನ ಮಾದರಿಯೂ ಹೋಗಿ, ಯಾವ ಔಷಧಿ ಹಿಡಿಯುತ್ತದೆಂಬ ಉತ್ತರ ಸಂಘಕ್ಕೆ ಮರಳುವಂತಾಗಬೇಕು. ಸಂಘದ ಸದಸ್ಯರು ಸರ್ವಸದಸ್ಯರ ಸಭೆಯಲ್ಲಿ ಇದನ್ನು ಕೇಳಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಕರೆಯುವ ಮುನ್ನ ಮೊದಲ ಧಾರೆಗಳನ್ನು ಕಪ್ಪು ತಟ್ಟೆಗೆ ಹಿಂಡಿ ನೋಡಿ. 100 ಮಿ.ಲೀ. ನೀರಿಗೆ 3 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿ, ಪ್ರತಿ ಮೊಲೆಯ ಹಾಲಿನೊಡನೆ ಬೇರೆ ಬೇರೆಯಾಗಿ ಸಮಪ್ರಮಾಣದಲ್ಲಿ ಬೆರೆಸಿ ತಿರುಗಿಸಿ. ಲೋಳೆಗಟ್ಟಿದರೆ ಆ ಮೊಲೆಯಲ್ಲಿ ಒಳಬಾವು ಇದೆಯೆಂದು ಅನುಮಾನಿಸಬೇಕು. ಪರೀಕ್ಷಿಸಿದ ಹಾಲನ್ನು ಚೆಲ್ಲಿಬಿಡಿ. ಬಾವು ಇರುವ ಹಸುವನ್ನು ಕೊನೆಗೆ ಕರೆಯಿರಿ. ಕರೆದ ಮೇಲೆ ಮೇವು ಹಾಕಿ ಅರ್ಧ ಗಂಟೆಯಾದರೂ ಹಸು ನಿಂತಿರುವಂತೆ ಮಾಡಿ. ವೈದ್ಯರು ಹೇಳಿದ ಅವಧಿ ಪೂರ್ತಿ ಔಷಧಿ ಕೊಡಿ. ಚೀಟಿಯಲ್ಲಿ ಸೂಚಿಸಿದಷ್ಟು ದಿನ ಆ ಹಾಲನ್ನು ಸಂಘಕ್ಕೂ ಹಾಕಬೇಡಿ, ಮನೆಗೂ ಬಳಸಬೇಡಿ, ಕರುವಿಗೂ ಕುಡಿಸಬೇಡಿ. ಕುದಿಸಿದ ಮಾತ್ರಕ್ಕೆ ಔಷಧಿಯ ಅಂಶ ಪೂರ್ತಿ ನಾಶವಾಗುವುದಿಲ್ಲ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬಾರದು. ಒಣ ಕೊಟ್ಟಿಗೆ, ತೊಳೆದ ಕೈ, ಸಕಾಲದ ಪರೀಕ್ಷೆ ಇವಿಷ್ಟು ಇದ್ದರೆ ಕೊಡಲಿಯ ಅಗತ್ಯ ಅಪರೂಪವಾಗುತ್ತದೆ. ನಿಜವಾಗಿ ಬೇಕಾದ ದಿನ ಅದರ ಅಲಗು ಮೊಂಡಾಗಿರಬಾರದು.