ಹೆಗಲು ಸೋಲುವ ಮುನ್ನ

ಬೆನ್ನುಹುರಿಗೆ ಪೆಟ್ಟಾದ ಮೊದಲ ಒಂದೆರಡು ವರ್ಷಗಳಲ್ಲಿ ಸ್ವಾಧೀನ ತಪ್ಪಿದ ಕಾಲುಗಳ ಮೂಳೆ ಅತಿ ವೇಗವಾಗಿ ಸವೆಯುತ್ತದೆ. ಮೊಣಕಾಲಿನ ಮೇಲೂ ಕೆಳಗೂ ಈ ಸವೆತ ಹೆಚ್ಚು. ಗಂಡಸರಿಗೂ ಹೀಗೇ ಆಗುತ್ತದೆ. ಆದರೆ ಹೆಂಗಸರಿಗೆ ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇನ್ನೊಂದು ಸುತ್ತಿನ ಸವೆತ ಕಾದಿರುತ್ತದೆ. ಹದಿಹರೆಯದಲ್ಲಿ ಗಾಯಗೊಂಡ ಹುಡುಗಿಗೆ ಐವತ್ತು ತುಂಬುವ ಹೊತ್ತಿಗೆ, ಮಂಚದಿಂದ ಗಾಲಿಕುರ್ಚಿಗೆ ಹೊರಳುವಷ್ಟರಲ್ಲೇ ತೊಡೆಮೂಳೆ ಮುರಿಯಬಹುದು. ನೋವು ತಿಳಿಯದಿರುವುದರಿಂದ ಕಾಲು ಊದಿ ಬಿಸಿಯಾದ ಮೇಲೆಯೇ ಮನೆಯವರಿಗೆ ಗೊತ್ತಾಗುವುದು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ 1.5 ಕೋಟಿಗೂ ಹೆಚ್ಚು ಜನ ಬೆನ್ನುಹುರಿ ಗಾಯದೊಂದಿಗೆ ಬದುಕುತ್ತಿದ್ದಾರೆ. ಅವರಲ್ಲಿ ಗಂಡಸರೇ ಹೆಚ್ಚು. ಹಾಗಾಗಿ ವ್ಯಾಯಾಮದ ಅಧ್ಯಯನಗಳಲ್ಲಿಯೂ ಗಂಡಸರೇ ತುಂಬಿದ್ದಾರೆ, ಹೆಣ್ಣುಮಕ್ಕಳಿಗೆ ಹೇಳಿಕೊಡುವ ಪಾಠವೂ ಬಹುಮಟ್ಟಿಗೆ ಗಂಡಸರ ಮೈ ನೋಡಿ ಬರೆದದ್ದು. ಅಪಘಾತದ ತುರ್ತು ಚಿಕಿತ್ಸೆ ಈಗ ಸುಧಾರಿಸಿದೆ. ಜೀವ ಉಳಿಯುತ್ತದೆ, ಮುಂದೆ ಹತ್ತಾರು ವರ್ಷಗಳ ಬದುಕೂ ಇದೆ. ಆ ವರ್ಷಗಳಿಗೆ ಬೇಕಾದ ತಯಾರಿ ಮಾತ್ರ ಡಿಸ್ಚಾರ್ಜ್ ದಿನವೇ ನಿಂತುಹೋಗುತ್ತಿದೆ. ಇಂದಿನ ಎಚ್ಚರಿಕೆ ಇರುವುದು ಇಲ್ಲಿ.

ಆ ತಯಾರಿ ತಪ್ಪಿದಾಗ ಮೊದಲು ಕಾಣುವ ಸೂಚನೆ ಹೆಗಲ ನೋವು. ಗಾಲಿ ತಳ್ಳುವುದು, ಮಂಚಕ್ಕೆ ಏರುವುದು, ಶೌಚಕ್ಕೆ ಸರಿಯುವುದು, ಎಲ್ಲವನ್ನೂ ಹೆಗಲೇ ಹೊರಬೇಕು. ಹೆಂಗಸರಲ್ಲಿ ಮೇಲ್ದೇಹದ ಸ್ನಾಯು ಸಹಜವಾಗಿಯೇ ಕಡಿಮೆ. ಅಷ್ಟೇ ಭಾರಕ್ಕೆ ಕೀಲು ಹೆಚ್ಚು ಸವೆಯುತ್ತದೆ. ಮೇಲಾಗಿ ನಮ್ಮ ಅಡುಗೆಕಟ್ಟೆಗಳು ನಿಂತು ಕೆಲಸ ಮಾಡುವವರ ಅಳತೆಗೆ ಕಟ್ಟಿದವು. ಕುಳಿತವಳು ದಿನವಿಡೀ ತೋಳೆತ್ತಿಯೇ ಹೆಚ್ಚಬೇಕು, ಕಲಸಬೇಕು, ಪಾತ್ರೆ ಇಳಿಸಬೇಕು. ಇದನ್ನು ನೋಡಿದ ಮನೆಯವರು, "ಮನೆಗೆಲಸ ಮಾಡ್ತಾಳಲ್ಲ, ಬೇರೆ ವ್ಯಾಯಾಮ ಯಾಕೆ?" ಎನ್ನುತ್ತಾರೆ. ಆ ಕೆಲಸ ಹೆಗಲನ್ನು ತಿನ್ನುತ್ತದೆ, ಬೆಳೆಸುವುದಿಲ್ಲ. ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ಹಿಂದಕ್ಕೆ ಎಳೆಯುವ ಅಭ್ಯಾಸ ಬೆನ್ನಿನ ಮೇಲ್ಭಾಗದ ಸ್ನಾಯುವಿಗೆ ಬಲ ಕೊಟ್ಟು, ಮುಂದಕ್ಕೆ ತಳ್ಳಿ ತಳ್ಳಿ ಬಾಗಿದ ಭುಜವನ್ನು ಸರಿಯಾದ ಜಾಗದಲ್ಲಿ ಹಿಡಿಯುತ್ತದೆ. ಹೆಗಲೊಮ್ಮೆ ಸೋತರೆ ಆಕೆ ಮತ್ತೆ ಹಾಸಿಗೆಗೇ. ಹಾಸಿಗೆಯ ಹಿಂದೆಯೇ ಹುಣ್ಣು, ಬೊಜ್ಜು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ.

ಅಂತಾರಾಷ್ಟ್ರೀಯ ತಜ್ಞರು 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಕೇಳುವುದು ಹೆಚ್ಚೇನಲ್ಲ. ವಾರಕ್ಕೆ ಎರಡು ಸಲ 20 ನಿಮಿಷ ಉಸಿರು ಜೋರಾಗುವಷ್ಟು ಶ್ರಮ, ಜೊತೆಗೆ ಸ್ವಾಧೀನವಿರುವ ಮುಖ್ಯ ಸ್ನಾಯುಗಳಿಗೆ ಮೂರು ಮೂರು ಸುತ್ತು ಬಲದ ವ್ಯಾಯಾಮ. ಹೃದಯದ ಆರೋಗ್ಯಕ್ಕೆ ವಾರಕ್ಕೆ ಮೂರು ಸಲ 30 ನಿಮಿಷ.

ಆದರೆ ಕಲಿಸುವವರಿಗೆ ಈ ಮೈಯ ರೀತಿ ಗೊತ್ತಿರಬೇಕು. ಕತ್ತಿನಲ್ಲಿ ಪೆಟ್ಟಾದವರ ಹೃದಯ ಎಷ್ಟೇ ದುಡಿಸಿದರೂ ನಿಮಿಷಕ್ಕೆ 110-130 ಬಡಿತದ ಆಚೆ ಸಾಮಾನ್ಯವಾಗಿ ಹೋಗುವುದಿಲ್ಲ. ನಾಡಿ ಎಣಿಸಿ ಶ್ರಮ ಅಳೆಯುವಂತಿಲ್ಲ. ಗಾಯದ ಕೆಳಗೆ ಬೆವರು ಸರಿಯಾಗಿ ಬಾರದು, ಬೇಸಗೆಯ ಮಧ್ಯಾಹ್ನ ಮೈ ಕಾದುಬಿಡುತ್ತದೆ. ಎದೆಯ ಆರನೆಯ ಕಶೇರುಮಣಿಯ ಮಟ್ಟ ಅಥವಾ ಅದಕ್ಕಿಂತ ಮೇಲೆ ಗಾಯವಾದವರಲ್ಲಿ ಮೂತ್ರಕೋಶ ತುಂಬಿದರೂ ರಕ್ತದೊತ್ತಡ ದಿಢೀರನೆ ಏರಬಹುದು. ತಲೆ ಸಿಡಿದು ಮುಖ ಕೆಂಪೇರಿದರೆ ಕೂಡಲೇ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಹೊರಹೋಗುವಂತೆ ಮಾಡಬೇಕು. ಒತ್ತಡ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಎಣ್ಣೆ ತಿಕ್ಕಿ ಕಾಲನ್ನು ಜೋರಾಗಿ ಎಳೆಯುವುದು, ಮಡಿಸುವುದು ಬೇಡ. ಪ್ರೀತಿಯಿಂದಲೇ ಮಾಡಿದರೂ ಟೊಳ್ಳಾದ ಮೂಳೆ ಮುರಿಯಬಹುದು. ತೋಳಿನ ವ್ಯಾಯಾಮದಿಂದ ಕಾಲಿನ ಮೂಳೆ ಗಟ್ಟಿಯಾಗುವುದಿಲ್ಲ. ಅದಕ್ಕೆ ಬೇರೆಯೇ ತಪಾಸಣೆ, ಔಷಧ ಬೇಕು.

ನಮ್ಮಲ್ಲಿ ಪುನಶ್ಚೇತನದ ದಾರಿ ತೆರೆದವರಲ್ಲಿ ಹೆಂಗಸರೇ ಮುಂದಿದ್ದರು. 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ಡಾ. ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ತೆರೆದ ಪುನಶ್ಚೇತನ ಕೇಂದ್ರಕ್ಕೆ ಅವರೇ ಬೆನ್ನೆಲುಬು. ಬೆಂಗಳೂರಿನಲ್ಲಿ 1959ರಲ್ಲಿ 'ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ' ಸಂಸ್ಥೆ ಹುಟ್ಟುಹಾಕಿದವರು ಎನ್. ಎಸ್. ಹೇಮಾ. ಎದೆಯ ಕೆಳಗೆ ಸ್ವಾಧೀನವಿಲ್ಲದ ದೀಪಾ ಮಲಿಕ್ 2016ರಲ್ಲಿ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಗುಂಡು ಎಸೆದು ಬೆಳ್ಳಿ ಗೆದ್ದಾಗ ದೇಶವೇ ಚಪ್ಪಾಳೆ ತಟ್ಟಿತು. ಹಳ್ಳಿಯ ಒಳಕೋಣೆಯಲ್ಲಿ ಮಲಗಿರುವ ಹುಡುಗಿಗೆ ವಾರಕ್ಕೆ ಎರಡು ಸಲ ಆ ವ್ಯಾಯಾಮ ಮಾಡಿಸುವುದು ಅದಕ್ಕಿಂತ ಕಷ್ಟವಾಗಬೇಕಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆರೋಗ್ಯಸೇವೆ, ಕ್ರೀಡೆ ಎರಡರಲ್ಲೂ ಅವಕಾಶದ ಮಾತಾಡಿದೆ. ಜಾರಿಯ ಮೊದಲ ಹೆಜ್ಜೆ ಡಿಸ್ಚಾರ್ಜ್ ಚೀಟಿಯಲ್ಲೇ ಇಡಬಹುದು: ವ್ಯಾಯಾಮದ ಕ್ರಮ, ಮೂಳೆ ಸಾಂದ್ರತೆ ಪರೀಕ್ಷೆಯ ತಾರೀಖು, ಹತ್ತಿರದ ಫಿಸಿಯೋಥೆರಪಿಸ್ಟ್‌ ಹೆಸರು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆರಡು ಹೊತ್ತು ಹೆಂಗಸರಿಗೇ ಮೀಸಲಿಡಲಿ. ಕ್ಯಾಥೆಟರ್, ಮುಟ್ಟಿನ ಬಟ್ಟೆ ಬದಲಿಸಲು ಗಾಲಿಕುರ್ಚಿ ನುಗ್ಗುವಷ್ಟು ಅಗಲದ ಶೌಚಾಲಯವಿರಲಿ, ಜೊತೆಗೆ ಮಹಿಳಾ ಸಹಾಯಕಿ ಇರಲಿ. ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಹೋಗುವಾಗ ಬೆನ್ನುಹುರಿಗೆ ಪೆಟ್ಟಾದವಳ ಮನೆಯ ಬಾಗಿಲನ್ನೂ ತಟ್ಟಿ, ಹೆಗಲು ನೋಯುತ್ತಿದೆಯೇ, ಕಾಲು ಊದಿದೆಯೇ ಎಂದು ವಿಚಾರಿಸಲಿ.