ದಾರಿ ತೋರುವ ಯಂತ್ರ ಕೊಳ್ಳುವ ಮೊದಲು



ಕೊಯಿಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲಕ್ಕೆ ನಮ್ಮಲ್ಲಿ ಅನೇಕರು ಜೀಪಿಗೋ ಪಿಕಪ್ ಗಾಡಿಗೋ ಏನಾದರೊಂದು ಹೊಸ ಸಲಕರಣೆ ಹಾಕಿಸುವುದುಂಟು. ಈ ಸಾಲಿಗೆ ಈಗ ಉಪಗ್ರಹದ ನೆರವಿನಿಂದ ದಾರಿ ತೋರುವ ಜಿ.ಪಿ.ಎಸ್. ಯಂತ್ರವೂ ಸೇರಿದೆ. ಮುಂಗಾಜಿಗೆ ಅಂಟಿಸಿ, ಬೇಕೆಂದಾಗ ಕಿತ್ತು ಬೇರೆ ಗಾಡಿಗೆ ಹಾಕಬಹುದಾದ ಈ ಯಂತ್ರ ನಮಗೆ ಬೇಕೇ, ಬೇಕಾದರೆ ಎಂಥದು ಬೇಕು ಎಂಬ ಬಗ್ಗೆ ಸದಸ್ಯರೊಡನೆ ನಾಲ್ಕು ಮಾತು ಹಂಚಿಕೊಳ್ಳಬಯಸುತ್ತೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಸಣ್ಣ ಬೆಳೆಗಾರರಲ್ಲಿ ಹೆಚ್ಚಿನವರಿಗೆ ಪ್ರತ್ಯೇಕ ಯಂತ್ರ ಅನಗತ್ಯ. ಯಾವುದನ್ನೇ ಬಳಸಿದರೂ ಅದರೊಳಗಿನ ನಕ್ಷೆಯೇ ಮುಖ್ಯ. ಆ ನಕ್ಷೆಯಲ್ಲಿ ನಮ್ಮೂರಿನ ದಾರಿ ಸರಿಯಾಗಿರುವಂತೆ ನೋಡಿಕೊಳ್ಳುವ ಕೆಲಸ ನಮ್ಮ ಮೇಲೆಯೇ ಇದೆ.

ಮೊದಲು ಈ ಯಂತ್ರ ಏನು ಮಾಡುತ್ತದೆಂಬುದನ್ನು ತಿಳಿಯೋಣ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿವೆ. ಅವುಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕಿದರೆ ಯಂತ್ರವು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಸಾರ್ವಜನಿಕರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿತ್ತು. ಆಗ ನೂರು ಮೀಟರಿನಷ್ಟು ವ್ಯತ್ಯಾಸ ಬರುತ್ತಿತ್ತು. ಆ ನಿರ್ಬಂಧ ತೆಗೆದ ಮೇಲೆ ಬಯಲಿನಲ್ಲಿ ಕೆಲವೇ ಮೀಟರಿನೊಳಗೆ ಸ್ಥಳ ತಿಳಿಯುತ್ತದೆ. ನಮ್ಮ ಇಸ್ರೋ ಸಂಸ್ಥೆಯೂ 2013ರ ಜುಲೈ 1ರಂದು ತನ್ನ ಮೊದಲ ದಾರಿಸೂಚಿ ಉಪಗ್ರಹವನ್ನು ಹಾರಿಸಿತು. ನಾವಿಕ್ ಎಂಬ ಈ ವ್ಯವಸ್ಥೆಯ ಕೇಂದ್ರಗಳು ಹಾಸನದಲ್ಲಿಯೂ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿಯೂ ಇವೆಯೆಂಬುದು ನಮಗೆ ಹೆಮ್ಮೆಯ ವಿಷಯ. ಆದರೆ ಅದರ ಕೆಲವು ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳು ಕೆಟ್ಟಿವೆ. ಆದುದರಿಂದ ಒಂದೇ ವ್ಯವಸ್ಥೆಯನ್ನು ನೆಚ್ಚಿದ ಯಂತ್ರಕ್ಕಿಂತ ಹಲವು ದೇಶಗಳ ಉಪಗ್ರಹಗಳನ್ನು ಹಿಡಿಯಬಲ್ಲ ಯಂತ್ರವೇ ಮೇಲು. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಕಾಣುವ ಆಕಾಶವೇ ಕಡಿಮೆ. ಅಲ್ಲಿ ಸಿಲ್ವರ್ ಓಕ್, ಹಲಸು, ಅತ್ತಿಯ ನೆರಳೂ ಸೇರಿದರೆ ಸಂಕೇತ ಇನ್ನಷ್ಟು ಕ್ಷೀಣಿಸುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬಹಳ ಜನರಲ್ಲಿದೆ. ಮೊಬೈಲ್ ಸಂಪರ್ಕ ಸಿಗದ ಕಡೆ ಫೋನಿನ ಜಿ.ಪಿ.ಎಸ್. ನಿಂತುಹೋಗುತ್ತದೆಂದು ಹೇಳಿ ವ್ಯಾಪಾರಿಗಳು ಬೇರೆ ಯಂತ್ರ ಮಾರುವುದುಂಟು. ಉಪಗ್ರಹದ ಸಂಕೇತಕ್ಕೆ ಮೊಬೈಲ್ ಗೋಪುರ ಬೇಡ. ಸಂಪರ್ಕವಿಲ್ಲದಿದ್ದರೆ ಮೊದಲ ಬಾರಿ ಸ್ಥಳ ಹಿಡಿಯುವುದು ತುಸು ತಡವಾಗುತ್ತದೆ, ಅಷ್ಟೆ. ನಿಂತುಹೋಗುವುದು ಅಂತರ್ಜಾಲದಿಂದ ಇಳಿದುಬರುವ ನಕ್ಷೆ. ಪೇಟೆಯಲ್ಲಿರುವಾಗಲೇ ಜಿಲ್ಲೆಯ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡರೆ ಆ ತೊಂದರೆಯೂ ಇಲ್ಲ. ಇದಕ್ಕೆ ಖರ್ಚಿಲ್ಲ.

ಹಾಗಾದರೆ ಪ್ರತ್ಯೇಕ ಯಂತ್ರ ಯಾರಿಗೆ ಬೇಕು? ಮನೆಯಿಂದ ಕ್ಯೂರಿಂಗ್ ಕಾರ್ಖಾನೆಗೆ, ಅಡಿಕೆ ಮಂಡಿಗೆ, ಆಸ್ಪತ್ರೆಗೆ ಹೋಗುವ ದಾರಿ ನಮಗೆ ಬಾಯಿಪಾಠ. ಅಂಗೈ ಹುಣ್ಣಿಗೆ ಕನ್ನಡಿ ಏಕೆ? ಬಾಡಿಗೆಗೆ ದೂರದೂರ ಓಡುವ ಗಾಡಿ, ಚಾಲಕರು ಬದಲಾಗುತ್ತಿರುವ ಲಾರಿ, ಬಿಸಿಲಿನಲ್ಲಿ ಕಾದು ಫೋನು ಆಗಾಗ ನಿಂತುಹೋಗುವಂಥ ದೀರ್ಘ ಪ್ರಯಾಣ, ಇಂಥ ಸಂದರ್ಭಗಳಲ್ಲಿ ಯಂತ್ರದಿಂದ ಉಪಯೋಗವುಂಟು. ಹತ್ತು ಮಂದಿ ಹತ್ತು ಕೊಳ್ಳುವುದಕ್ಕಿಂತ ಸಂಘದ ಸಾಗಾಣಿಕೆ ಗಾಡಿಗೆ ಒಂದು ಒಳ್ಳೆಯದನ್ನು ಕೊಂಡು ಎಲ್ಲರೂ ಬಳಸುವುದು ಸಹಕಾರ ತತ್ವಕ್ಕೂ ಒಪ್ಪುವ ಮಾತು.

ಕೊಳ್ಳಲೇಬೇಕೆಂದಿರುವವರು ಅಂಗಡಿಯ ಮೇಜಿನ ಮೇಲೆ ನೋಡಿ ತೀರ್ಮಾನಿಸಬಾರದು. ಯಂತ್ರದಲ್ಲಿ ನಿಮ್ಮ ಗ್ರಾಮದ ಹೆಸರನ್ನು ಹುಡುಕಿ ನೋಡಿ. ನಿಮ್ಮ ಮನೆಯ ಹತ್ತಿರದ ಕವಲುದಾರಿ, ಕಿರುಸೇತುವೆ ಅದರಲ್ಲಿವೆಯೇ ಎಂದು ಪರೀಕ್ಷಿಸಿ. ನಕ್ಷೆಯನ್ನು ಎಷ್ಟು ವರ್ಷ ಉಚಿತವಾಗಿ ಹೊಸದು ಮಾಡಿಕೊಡುತ್ತಾರೆಂಬುದನ್ನು ಬರಹದಲ್ಲಿ ಪಡೆಯಿರಿ. ಜೀಪು, ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್ ಇದ್ದರೆ ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. ಚಾರ್ಜರ್ ಎರಡಕ್ಕೂ ಹೊಂದುವುದೇ ಎಂದು ವಿಚಾರಿಸಿ. ಪರದೆ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣಬೇಕು, ಧ್ವನಿ ಡೀಸೆಲ್ ಇಂಜಿನಿನ ಸದ್ದಿನಲ್ಲಿ ಕೇಳಬೇಕು. ಹಳೆಯ ಯಂತ್ರ ಅಗ್ಗವಾಗಿ ಸಿಗುತ್ತದೆಂದು ಮುಗಿಬೀಳಬೇಡಿ. ಜಿ.ಪಿ.ಎಸ್. ವ್ಯವಸ್ಥೆಯ ವಾರದ ಎಣಿಕೆ 2019ರ ಏಪ್ರಿಲ್ 6ರಂದು ಸೊನ್ನೆಗೆ ಮರಳಿದಾಗ ಕೆಲವು ಹಳೆಯ ಯಂತ್ರಗಳ ದಿನಾಂಕವೇ ತಪ್ಪಿಹೋಯಿತು.

ಹಳೆಯ ನಕ್ಷೆಯ ಅಪಾಯ ಇನ್ನೂ ದೊಡ್ಡದು. ಬೆಂಗಳೂರಿನಿಂದ ಹಾಸನ, ಸಕಲೇಶಪುರದ ಮೂಲಕ ಮಂಗಳೂರಿಗೆ ಹೋಗುವ ಹೆದ್ದಾರಿಯನ್ನು ನಾವು ದಶಕಗಳ ಕಾಲ 48ನೇ ನಂಬರಿನ ರಸ್ತೆಯೆಂದೇ ಕರೆದೆವು. 2010ರ ಮರುಸಂಖ್ಯೆಯಲ್ಲಿ ಅದು 75 ಆಯಿತು. ಈಗ 48 ಎಂದರೆ ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರಸ್ತೆ. 2014ರ ನವೆಂಬರ್ 1ರಂದು ಚಿಕ್ಕಮಗಳೂರು, ಶಿವಮೊಗ್ಗ, ಮಂಗಳೂರುಗಳ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. ಹಳೆಯ ನಕ್ಷೆಯಲ್ಲಿ ಹೊಸ ಕಾಗುಣಿತದಿಂದ ಹುಡುಕಿದರೆ ಊರೇ ಸಿಗದಿರಬಹುದು.

ಇವು ಕಿರಿಕಿರಿಯ ಮಾತಾದವು. ಪ್ರಾಣಕ್ಕೇ ಮುಳುವಾದ ಘಟನೆಯೂ ಇದೆ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ, ಪ್ರವಾಹಕ್ಕೆ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯ ಮೇಲೆ ದಾರಿಸೂಚಿಯನ್ನು ನಂಬಿ ಸಾಗಿದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಮಳೆಗಾಲದಲ್ಲಿ ನಮ್ಮ ಘಾಟಿಗಳ ಗತಿಯೂ ಬೇರೆಯಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ ಸಂಪಾಜೆ ರಸ್ತೆಯೂ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯೂ ಭೂಕುಸಿತದಿಂದ ಮುಚ್ಚಿದ್ದನ್ನು ಯಾರೂ ಮರೆತಿಲ್ಲ. ಆಗುಂಬೆಯ ತಿರುವುಗಳಲ್ಲಿ ಭಾರೀ ಲಾರಿಗಳಿಗೆ ನಿರ್ಬಂಧವಿದೆ. ಬಂಡೀಪುರ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರವಿಲ್ಲ. ಇವನ್ನೆಲ್ಲ ಯಂತ್ರ ಅರಿತಿರುತ್ತದೆಂದು ನಂಬುವಂತಿಲ್ಲ. ಅತಿ ಹತ್ತಿರದ ದಾರಿ ತೋರಿಸು ಎಂದು ಕೇಳಿದರೆ ಅದು ತೋಟದ ಕೂಪು ರಸ್ತೆಯನ್ನೂ ತೋರಿಸೀತು. ಘಾಟಿ ಇಳಿಯುವ ಮೊದಲು ಚಾ ಅಂಗಡಿಯಲ್ಲಿ ಗಾಡಿ ನಿಲ್ಲಿಸಿ, ಎದುರಿನಿಂದ ಬಂದ ಚಾಲಕನನ್ನು ಕೇಳುವ ಹಳೆಯ ಪದ್ಧತಿಯನ್ನು ಬಿಡಬಾರದು.

ಕಾನೂನಿನ ಮಾತೂ ಒಂದಿದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಂತೆ ವಾಹನ ಚಲಾಯಿಸುವಾಗ ಫೋನನ್ನು ದಾರಿ ನೋಡಲು ಮಾತ್ರ, ಅದೂ ಚಾಲಕನ ಗಮನ ಕೆಡದಂತೆ ಬಳಸಬಹುದು. ಆದ್ದರಿಂದ ಫೋನಾಗಲಿ ಯಂತ್ರವಾಗಲಿ, ರಸ್ತೆಯ ನೋಟಕ್ಕೆ ಅಡ್ಡವಾಗದಂತೆ ಗಟ್ಟಿಯಾಗಿ ಕೂರಿಸಿ, ಹೊರಡುವ ಮೊದಲೇ ಊರಿನ ಹೆಸರು ಒತ್ತಿಕೊಳ್ಳಬೇಕು.

ಕೊನೆಯದಾಗಿ, ನಮ್ಮ ಮನಸ್ಸಿನಲ್ಲಿರುವ ಮುಖ್ಯ ವಿಷಯಕ್ಕೆ ಬರುತ್ತೇವೆ. ನಾವು ಪೇಟೆಯನ್ನು ಹುಡುಕುವುದು ಸುಲಭ. ಕಷ್ಟವಿರುವುದು ಪೇಟೆಯಿಂದ ಬರುವವರು ನಮ್ಮನ್ನು ಹುಡುಕುವುದರಲ್ಲಿ. ಔಷಧಿ ಸಿಂಪಡಿಸುವಾಗ ಅಡಿಕೆ ಮರದಿಂದ ಬಿದ್ದವನಿಗೆ, ನಡುರಾತ್ರಿ ಹೆರಿಗೆ ನೋವು ಬಂದವಳಿಗೆ 108ರ ಗಾಡಿ ಕರೆದರೆ, ಟಾರು ರಸ್ತೆಯಿಂದ ಎರಡು ಮೈಲಿ ಒಳಗಿರುವ ನಮ್ಮ ಮನೆಯನ್ನು ಚಾಲಕ ಹೇಗೆ ಕಂಡುಹಿಡಿಯಬೇಕು? ನಕ್ಷೆಯಲ್ಲಿ ನಮ್ಮ ದಾರಿಯೇ ಇಲ್ಲದಿದ್ದರೆ ಎಷ್ಟು ಬೆಲೆಯ ಯಂತ್ರವಿದ್ದರೂ ಪ್ರಯೋಜನವಿಲ್ಲ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಗೆ ಯಾರು ಬೇಕಾದರೂ ತಮ್ಮೂರಿನ ರಸ್ತೆ, ಸಂಕ, ಶಾಲೆಗಳನ್ನು ಸೇರಿಸಬಹುದು. ಇತರ ನಕ್ಷೆಗಳಿಗೂ ತಪ್ಪು ತಿಳಿಸುವ ಅವಕಾಶವಿದೆ. ಕಾಲೇಜು ಓದುವ ನಮ್ಮ ಮಕ್ಕಳು ರಜೆಯಲ್ಲಿ ಒಂದು ವಾರ ಇದಕ್ಕೆ ಕೊಟ್ಟರೆ ಇಡೀ ಗ್ರಾಮದ ದಾರಿಗಳು ನಕ್ಷೆ ಸೇರುತ್ತವೆ.

ಅದಕ್ಕೂ ಮುಂಚೆ ಪ್ರತಿಯೊಬ್ಬ ಸದಸ್ಯರೂ ಮಾಡಬಹುದಾದ ಕೆಲಸವೊಂದಿದೆ. ಗೇಟಿನ ಬಳಿ ಆಕಾಶ ತೆರೆದಿರುವ ಕಡೆ ನಿಂತು, ಫೋನಿನಲ್ಲಿ ತೋರುವ ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಂಡು, ಮನೆಯ ಗೋಡೆಯ ಮೇಲೆಯೂ ಲೈನಿನ ಮನೆಗಳಲ್ಲಿಯೂ ದೊಡ್ಡದಾಗಿ ಅಂಟಿಸಿಡಿ. ಆಪತ್ತಿನಲ್ಲಿ ಮಕ್ಕಳೂ ಅದನ್ನು ಓದಿ ಹೇಳಬಲ್ಲರು. ಕಾಫಿ ಬೆಳೆಗಾರರಿಗೆ ಈ ಅಂಕಿಗಳಿಂದ ಮತ್ತೊಂದು ಉಪಯೋಗವೂ ಬರಲಿದೆ. ಕಾಡು ಕಡಿದು ಬೆಳೆದ ಮಾಲು ಬೇಡವೆಂದು ಯೂರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಕಾಯಿದೆಯು ಕಾಫಿ ಬೆಳೆದ ಜಮೀನಿನ ಸ್ಥಾನವನ್ನು ಕೇಳುತ್ತದೆ. ನಾಲ್ಕು ಹೆಕ್ಟೇರಿಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ, ಕಡಿಮೆಯಿರುವ ತುಂಡಿಗೆ ಆ ಜಮೀನಿನೊಳಗಿನ ಒಂದೇ ಬಿಂದು ಸಾಕು. ಅದಕ್ಕೂ ಕೈಯಲ್ಲಿರುವ ಫೋನೇ ಸಾಲುತ್ತದೆ.

ಯಂತ್ರಕ್ಕೆ ಹಾಕುವ ಹಣವನ್ನು ಸದ್ಯ ಗೊಬ್ಬರಕ್ಕೋ ಸುಣ್ಣಕ್ಕೋ ಇಟ್ಟುಕೊಳ್ಳಿ. ಮುಂಗಾರು ಹಿಡಿಯುವ ಮೊದಲು ಗೇಟಿನ ಅಂಕಿಗಳನ್ನು ಬರೆದಿಡಿ. ಅದರದೊಂದು ಪ್ರತಿಯನ್ನು ಸಂಘದ ಕಚೇರಿಗೂ ಕೊಟ್ಟರೆ ಆಪತ್ಕಾಲದಲ್ಲಿ ನೆರವಾಗುತ್ತದೆಂದು ಸದಸ್ಯರಲ್ಲಿ ವಿನಂತಿಸುತ್ತೇವೆ.